ಕರೆಗಂಟೆಯ ಐದನೇ ಸ್ಥಿತಿ

ನಾನು ಎಂಬೆಡೆಡ್ ಪ್ರೋಗ್ರಾಮರ್ ಎಂದರೆ ನಮ್ಮ ಅಪಾರ್ಟ್‌ಮೆಂಟಿನವರಿಗೆ ಏನೂ ಅರ್ಥವಾಗುವುದಿಲ್ಲ. ಕಂಪ್ಯೂಟರ್ ಕೆಲಸವಂತೆ ಎಂದುಕೊಂಡು ಪ್ರಿಂಟರ್ ಹೊತ್ತು ತರುತ್ತಾರೆ, ವೈಫೈ ಬರುತ್ತಿಲ್ಲ ಎಂದು ಬಾಗಿಲು ಬಡಿಯುತ್ತಾರೆ. ಒಂದಷ್ಟು ವರ್ಷ ಬಿಡಿಸಿ ಹೇಳಿ ನೋಡಿದೆ. ಆಮೇಲೆ ಬಾಯಿ ಮುಚ್ಚಿಕೊಂಡು ಪ್ರಿಂಟರ್ ಸರಿ ಮಾಡಿಕೊಡತೊಡಗಿದೆ. ಬಿಡಿಸಿ ಹೇಳುವುದಕ್ಕಿಂತ ಅದೇ ಬೇಗ ಮುಗಿಯುತ್ತಿತ್ತು.

ನಿಜವಾಗಿ ನನ್ನ ಕೆಲಸ ಇಷ್ಟೇ. ನೀರಿನ ಮೋಟರಿನ ಪಕ್ಕದ ಗೋಡೆಯಲ್ಲಿ ಒಂದು ಡಬ್ಬಿ ಇರುತ್ತದಲ್ಲ, ಟ್ಯಾಂಕ್ ತುಂಬಿದರೆ ಮೋಟರನ್ನು ತಾನೇ ನಿಲ್ಲಿಸುವಂಥದ್ದು, ಅದರೊಳಗೆ ಉಗುರಿನಷ್ಟು ದೊಡ್ಡ ಚಿಪ್ ಇರುತ್ತದೆ. ಆ ಚಿಪ್ಪಿಗೆ ಸಿ ಭಾಷೆಯಲ್ಲಿ ಬುದ್ಧಿ ಹೇಳುವವಳು ನಾನು. ಹಾಗೆ ಹೇಳುವ ಒಂದು ಕ್ರಮಕ್ಕೆ ಸ್ಟೇಟ್ ಮಷೀನ್ ಎನ್ನುತ್ತೇವೆ. ಮೋಟರು ಒಂದು ಹೊತ್ತಿಗೆ ಒಂದೇ ಸ್ಥಿತಿಯಲ್ಲಿರಬೇಕು: ನಿಂತಿದೆ, ಶುರುವಾಗುತ್ತಿದೆ, ಓಡುತ್ತಿದೆ, ಕೆಟ್ಟಿದೆ. ಏನಾದರೆ ಯಾವುದರಿಂದ ಯಾವುದಕ್ಕೆ ಹೋಗಬೇಕು ಎಂಬುದನ್ನು ಮೊದಲು ಕಾಗದದ ಮೇಲೆ ಬರೆದುಕೊಳ್ಳುತ್ತೇನೆ. ಸ್ಥಿತಿಗೊಂದು ದುಂಡನೆಯ ಸುತ್ತು, ದಾರಿಗೊಂದು ಬಾಣ. ಆಮೇಲೆ ಒಂದೊಂದು ಸುತ್ತಿಗೂ ಒಂದೊಂದು ತುಣುಕು ಪ್ರೋಗ್ರಾಂ. ಕಾಗದದ ಚಿತ್ರ ಸರಿಯಿದ್ದರೆ ಪ್ರೋಗ್ರಾಂ ತಪ್ಪುವುದು ಕಷ್ಟ, ಚಿತ್ರವೇ ತಪ್ಪಿದ್ದರೆ ಎಷ್ಟು ಚೆನ್ನಾಗಿ ಬರೆದರೂ ನೀರು ಕುಡಿದಷ್ಟು ಸಲೀಸಾಗಿ ತಪ್ಪೇ ನಡೆಯುತ್ತಿರುತ್ತದೆ.

ಇದರಲ್ಲಿ ನನ್ನ ಕೈ ಪಳಗಿದೆ, ಅದರ ಜಂಬವೂ ಇತ್ತು. ಇಂಥ ನಾನು ನಮ್ಮಪ್ಪನಿಗೆಂದು ಬರೆದ ಒಂದು ಪ್ರೋಗ್ರಾಮಿನಲ್ಲಿ ಐದು ಸ್ಥಿತಿಗಳಿದ್ದವು. ಅವುಗಳಲ್ಲಿ ನಾಲ್ಕು ಸರಿಯಾಗಿದ್ದವು.

ಅಪ್ಪ ಗದಗಿನ ಕಡೆಯಿಂದ ಇಪ್ಪತ್ತು ದಾಟಿದ ವಯಸ್ಸಿನಲ್ಲಿ ಈ ತೆಲುಗು ಊರಿನ ಕುಷಾಯಿಗೂಡದ ಹತ್ತಿರದ ಸರ್ಕಾರಿ ಎಲೆಕ್ಟ್ರಾನಿಕ್ಸ್ ಕಾರ್ಖಾನೆಗೆ ಬಂದವರು. ರಿಟೈರ್ ಆಗುವ ತನಕ ಇನ್‌ಸ್ಪೆಕ್ಷನ್ನಿನಲ್ಲೇ ಇದ್ದರು. ಹೊರಗಿನ ಸಣ್ಣಪುಟ್ಟ ವರ್ಕ್‌ಶಾಪುಗಳಿಂದ ಬರುವ ಸ್ವಿಚ್ಚು, ರಿಲೇ, ಪ್ಯಾನೆಲ್ಲುಗಳನ್ನು ಒಳಗೆ ಬಿಡಬೇಕೋ ಬೇಡವೋ ಎಂದು ನೋಡುವುದು ಅವರ ಕೆಲಸ. ಕಾರ್ಖಾನೆಯ ಗೇಟು ದಾಟಿ ಹೊರಬಂದ ಮೇಲೂ ಆ ಕೆಲಸ ನಿಲ್ಲುತ್ತಿರಲಿಲ್ಲ.

ಯಾವ ಸ್ವಿಚ್ಚು ಕೈಗೆ ಸಿಕ್ಕರೂ ಹತ್ತು ಸಲ ಒತ್ತಬೇಕು. ಅವಸರವಿಲ್ಲದೆ, ಒಂದೊಂದರ ನಡುವೆ ಒಂದು ಉಸಿರಿನಷ್ಟು ಬಿಟ್ಟು, ಹತ್ತು. ನಾನು ಸಣ್ಣವಳಿದ್ದಾಗ ಯಾಕೆಂದು ಕೇಳಿದ್ದಕ್ಕೆ ಹೇಳಿದ್ದರು: “ಒಂದ್ ಸಲ ಎಂಥಾ ಖೊಟ್ಟಿ ಸ್ವಿಚ್ಚೂ ಕೆಲಸ ಮಾಡತೈತವಾ. ಅದರ ಗುಣ ಗೊತ್ತಾಗೋದು ಹತ್ತನೇ ಸಲಕ್ಕ.”

ಪಾಸಾದ ಪೀಸನ್ನು ಮೇಜಿನ ಮೇಲೆ ನೆಟ್ಟಗೆ ಇಟ್ಟು ಬೆರಳಿನಿಂದ ಎರಡು ಸಲ ತಟ್ಟುತ್ತಿದ್ದರಂತೆ. ಫೇಲಾದದ್ದನ್ನು ಬೋರಲು ಹಾಕುತ್ತಿದ್ದರು. ಬೋರಲು ಬಿದ್ದದ್ದು ಮತ್ತೆ ಅವರ ಮುಂದೆ ಬರುವ ಹಾಗಿರಲಿಲ್ಲ. ಏನೇ ರಿಪೇರಿ ಆದರೂ ಬೇರೆ ಇನ್‌ಸ್ಪೆಕ್ಟರ್ ಹತ್ತಿರ ಹೋಗಬೇಕು, ಅದು ಅವರವರಲ್ಲೇ ಬೆಳೆದುಬಂದ ಪದ್ಧತಿ. ಮನೆಯಲ್ಲೂ ಅದೇ. ಅಂಗಡಿಯಿಂದ ತಂದ ಸ್ಟೀಲ್ ಲೋಟದ ಅಂಚು ಸರಿಯಿಲ್ಲದಿದ್ದರೆ ಅದು ಕಟ್ಟೆಯ ಮೇಲೆ ಬೋರಲು. ಏಳನೇ ಕ್ಲಾಸಿನಲ್ಲಿ ನನಗೆ ತೆಲುಗಿನಲ್ಲಿ ಕಡಿಮೆ ಮಾರ್ಕ್ಸ್ ಬಂದಾಗ ಬೈಯಲಿಲ್ಲ, ಹೊಡೆಯಲಿಲ್ಲ, ಮಾರ್ಕ್ಸ್ ಕಾರ್ಡನ್ನು ಟೀವಿಯ ಪಕ್ಕ ಬೋರಲು ಇಟ್ಟರು. ಒಂದು ವಾರ ಅದು ಹಾಗೇ ಇತ್ತು. ಹೊಡೆದಿದ್ದರೆ ಚೆನ್ನಾಗಿತ್ತು ಎಂದು ಅತ್ತಿದ್ದೆ.

ಜನವರಿಯಲ್ಲಿ ನಾಂಪಲ್ಲಿಯ ಎಕ್ಸಿಬಿಷನ್ನಿಗೆ ಹೋದರೆ ಅವ್ವನಿಗೂ ನನಗೂ ಮುಖ ಎಲ್ಲಿಟ್ಟುಕೊಳ್ಳಬೇಕೋ ತಿಳಿಯುತ್ತಿರಲಿಲ್ಲ. ಮಿಕ್ಸರ್ ಮಾರುವ ಸ್ಟಾಲಿನ ಮುಂದೆ ನಿಂತು ಅಪ್ಪ ಒಂದೊಂದು ಮಿಕ್ಸರನ್ನೂ ಹತ್ತು ಸಲ ಆನ್-ಆಫ್ ಮಾಡುತ್ತಿದ್ದರು. “ಕೊಂಟಾರಾ ಲೇದಾ ಸಾರ್?” ಎಂದು ಸ್ಟಾಲಿನವನು ರೇಗುತ್ತಿದ್ದ, ಕೊಳ್ಳುತ್ತೀರೋ ಇಲ್ಲವೋ ಎಂದು. ಅಪ್ಪ ಉತ್ತರ ಕೊಡುವುದು ಹತ್ತು ಮುಗಿದ ಮೇಲೆಯೇ. ನಾವಿಬ್ಬರೂ ಎರಡು ಸ್ಟಾಲ್ ಆಚೆ ನಿಂತು ಬೇರೆ ಯಾರೋ ಎಂಬಂತೆ ಬಳೆ ನೋಡುತ್ತಿದ್ದೆವು.

ಅವರಿಗೆ ಅತಿ ಸಿಟ್ಟು ಬರುತ್ತಿದ್ದದ್ದು ಒಂದೇ ಜಾತಿಯ ಮಾಲಿನ ಮೇಲೆ. ಒತ್ತಿದರೆ ದೀಪ ಹತ್ತುತ್ತದೆ, ಆದರೆ ಒಳಗೆ ಕರೆಂಟು ದಾಟಿಸುವ ರಿಲೇ ಎಳೆದಿರುವುದಿಲ್ಲ, ಆ ಕಡೆ ಏನೂ ನಡೆದಿರುವುದಿಲ್ಲ. ಅಂಥದ್ದು ಬಂದ ದಿನ ಊಟಕ್ಕೆ ಕೂತಾಗಲೂ ಅದೇ ಮಾತು. “ಕೆಟ್ಟದ್ದು ತಾ ಕೆಟ್ಟೀನಿ ಅಂತ ಹೇಳಿದ್ರ ರಿಪೇರಿ ಮಾಡಬಹುದು. ಸುಳ್ಳ ದೀಪ ತೋರಸೋದನ್ನ ಏನ್ ಮಾಡ್ತೀ?” ನಾನು ರೊಟ್ಟಿ ಮುರಿಯುತ್ತ ಹೂಂಗುಟ್ಟುತ್ತಿದ್ದೆ. ಇಂಜಿನಿಯರಿಂಗ್ ಸೇರಿದ ಮೇಲೆ ಹೂಂಗುಟ್ಟುವುದನ್ನೂ ಬಿಟ್ಟೆ.

ಅಪ್ಪನಿಗೆ ಲಕ್ವಾ ಹೊಡೆದದ್ದು ಅವರು ರಿಟೈರ್ ಆಗಿ ಕೆಲವು ವರ್ಷಗಳ ಮೇಲೆ, ಬೆಳಿಗ್ಗೆ ಪೇಪರ್ ಓದುತ್ತಿರುವಾಗ. ಆಸ್ಪತ್ರೆಯಿಂದ ಮನೆಗೆ ಬರುವ ಹೊತ್ತಿಗೆ ಬಲಗೈ, ಬಲಗಾಲು, ಮಾತು ಮೂರೂ ಹೋಗಿದ್ದವು. ಬುದ್ಧಿ ಮಾತ್ರ ನೆಟ್ಟಗಿತ್ತು. ನಾವು ಹೇಳಿದ್ದೆಲ್ಲ ತಿಳಿಯುತ್ತಿತ್ತು, ಹೌದು ಅಲ್ಲ ಎಂದು ತಲೆಯಾಡಿಸುತ್ತಿದ್ದರು, ಅಷ್ಟೇ. ಮನೆಯಲ್ಲಿ ನಾವು ಮೂರೇ ಜನ. ಅವ್ವನಿಗೆ ಎರಡೂ ಮೊಣಕಾಲು ಸವೆದಿದ್ದವು. ನಾನು ವಾರಕ್ಕೆ ಎರಡು ದಿನ ಆಫೀಸಿಗೆ ಹೋಗಿ ಉಳಿದ ದಿನ ಹಾಲಿನ ಮೂಲೆಯಲ್ಲಿ ಮೇಜು ಹಾಕಿಕೊಂಡು ಕೆಲಸ ಮಾಡುತ್ತಿದ್ದೆ.

ಕರೆಯಬೇಕಾದರೆ ಅಪ್ಪ ಎಡಗೈಯಲ್ಲಿ ಸ್ಟೀಲ್ ತಟ್ಟೆಗೆ ಚಮಚ ಬಡಿಯುತ್ತಿದ್ದರು. ಒಂದು ಮಧ್ಯಾಹ್ನ ಅಡುಗೆಮನೆಯಲ್ಲಿ ಕುಕ್ಕರು, ಎಕ್ಸಾಸ್ಟ್ ಫ್ಯಾನು ಎರಡೂ ಗದ್ದಲ ಮಾಡುತ್ತಿದ್ದವು, ನನ್ನ ಕಿವಿಗೆ ಹೆಡ್‌ಫೋನ್ ಇತ್ತು. ಎಷ್ಟು ಹೊತ್ತು ಬಡಿದರೋ ಗೊತ್ತಿಲ್ಲ. ನಾನು ನೀರು ಕುಡಿಯಲೆಂದು ಎದ್ದು ಆ ಕಡೆ ಹೋದಾಗ ಹಾಸಿಗೆ ಪೂರ್ತಿ ಒದ್ದೆಯಾಗಿತ್ತು, ಚಮಚ ಕೆಳಗೆ ಬಿದ್ದಿತ್ತು, ಅಪ್ಪ ಗೋಡೆಯ ಕಡೆ ಮುಖ ಮಾಡಿಕೊಂಡಿದ್ದರು. ಲುಂಗಿ ಬದಲಿಸುವಾಗ ನನ್ನ ಮುಖ ನೋಡಲಿಲ್ಲ. ಆ ದಿನವೇ ಕೋಠಿಯ ಎಲೆಕ್ಟ್ರಾನಿಕ್ಸ್ ಅಂಗಡಿಗಳಿಗೆ ಹೋಗಿ ಒಂದು ಕರೆಗಂಟೆಗೆ ಬೇಕಾದ ಸಾಮಾನು ತಂದೆ.

ಪ್ರಯಾಣಕ್ಕೆ ಒಯ್ಯುವ ಪ್ಲಾಸ್ಟಿಕ್ಕಿನ ಸೋಪಿನ ಡಬ್ಬಿಗೆ ತೂತು ಕೊರೆದು, ಅಂಚಿಗಿಂತ ತುಸು ತಗ್ಗಿಗೆ ಒಂದು ದೊಡ್ಡ ಹಸಿರು ಬಟನ್, ಅದರ ಪಕ್ಕ ಒಂದು ಸಣ್ಣ ದೀಪ ಕೂರಿಸಿದೆ. ಅದು ಅಪ್ಪನ ಎಡಗೈ ಹತ್ತಿರ. ಗಂಟೆ ಹಾಲಿನಲ್ಲಿ, ಅಡುಗೆಮನೆಗೂ ಕೇಳುವಂತೆ. ಅಪ್ಪನ ಕೋಣೆಯ ಬಾಗಿಲ ಚೌಕಟ್ಟಿಗೆ ಇನ್ನೊಂದು ಸಣ್ಣ ಸ್ವಿಚ್ಚು. ಒಳಗೆ ಹೋಗಿ ಬೇಕಾದ್ದು ಮಾಡಿ ಹೊರಗೆ ಬರುವಾಗ ಅದನ್ನು ಒತ್ತಬೇಕು, ‘ಆಯ್ತು’ ಎಂದು ಚಿಪ್ಪಿಗೆ ಹೇಳುವುದಕ್ಕೆ.

ನಾಲ್ಕು ಸುತ್ತು ಬರೆದೆ. ಮೊದಲನೆಯದು, ಸುಮ್ಮನಿರು. ಎರಡನೆಯದು, ಒತ್ತಿದ್ದು ನಿಜವೇ ಎಂದು ನೋಡು. ಈ ಎರಡನೆಯದು ನಮ್ಮ ಕಸುಬಿನವರಿಗಷ್ಟೇ ಗೊತ್ತಿರುವ ತಲೆನೋವು. ಬಟನ್ ಒಂದು ಸಲ ಒತ್ತಿದರೂ ಒಳಗಿನ ಲೋಹದ ಪಟ್ಟಿ ಕುಣಿಯುತ್ತದೆ, ಕೈಜಾರಿ ಬಿದ್ದ ಲೋಟ ನೆಲದ ಮೇಲೆ ನಾಲ್ಕಾರು ಸಲ ಠಣಗುಟ್ಟಿ ನಿಲ್ಲುತ್ತದಲ್ಲ ಹಾಗೆ. ಕಣ್ಣಿಗೆ ಕಾಣದಷ್ಟು ಬೇಗ ನಡೆಯುವ ಈ ಕುಣಿತ ಚಿಪ್ಪಿಗೆ ಹತ್ತು ಸಲ ಒತ್ತಿದಂತೆ ಕಾಣುತ್ತದೆ. ಆದ್ದರಿಂದ ಮೊದಲನೆಯದನ್ನು ಲೆಕ್ಕಕ್ಕೆ ಹಿಡಿದು ಉಳಿದವನ್ನು ಕಿವಿಗೆ ಹಾಕಿಕೊಳ್ಳಬೇಡ ಎಂದು ಬರೆಯುತ್ತೇವೆ. ಮೂರನೆಯದು, ಗಂಟೆ ಬಾರಿಸು, ದೀಪ ಹತ್ತಿಸು. ನಾಲ್ಕನೆಯದು, ಯಾರಾದರೂ ಬಂದು ‘ಆಯ್ತು’ ಎನ್ನುವ ತನಕ ಕಾಯಿ. ಅಲ್ಲಿಂದ ಮತ್ತೆ ಮೊದಲನೆಯದಕ್ಕೆ.

ಜೊತೆಗೆ ನನ್ನ ಒಂದು ಅಭ್ಯಾಸವೂ ಸೇರಿಕೊಂಡಿತು. ಯಾವಾಗ ಏನಾಯಿತು ಎಂಬುದನ್ನು ಕರೆಂಟ್ ಹೋದರೂ ಅಳಿಯದ ಜಾಗದಲ್ಲಿ ಬರೆದಿಟ್ಟುಕೋ ಎಂದು ಚಿಪ್ಪಿಗೆ ಹೇಳುವುದು. ನಾಳೆ ಏನಾದರೂ ಕೆಟ್ಟರೆ ತಪ್ಪು ಹುಡುಕುವುದಕ್ಕೆ ಬೇಕು. ಅದರಲ್ಲೂ ಕಿವಿಗೆ ಹಾಕಿಕೊಳ್ಳದೆ ಬಿಟ್ಟದ್ದನ್ನು ತಪ್ಪದೆ ಬರೆದಿಡಬೇಕು ಎಂಬುದು ನನ್ನ ಕಟ್ಟುನಿಟ್ಟು.

ಸೋಪಿನ ಡಬ್ಬಿಯನ್ನು ಅಪ್ಪನ ಕೈಗೆ ಕೊಟ್ಟಾಗ ಅವರು ಅದನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಅಂಚಿನ ಮೇಲೆ ಹೆಬ್ಬೆರಳು ಆಡಿಸಿದರು. ಆಮೇಲೆ ಒತ್ತಿದರು. ಗಂಟೆ ಬಾರಿಸಿತು, ನಾನು ಒಳಗೆ ಹೋಗಿ, ಹೊರಗೆ ಬಂದು, ‘ಆಯ್ತು’ ಒತ್ತಿದೆ. ಮತ್ತೆ ಒತ್ತಿದರು. ಹತ್ತು ಸಲ ನಾನು ಹಾಲಿಗೂ ಕೋಣೆಗೂ ಓಡಾಡಿದೆ, ಅವ್ವ ಬಾಗಿಲಲ್ಲಿ ನಿಂತು ನಗುತ್ತಿದ್ದಳು. ಹತ್ತನೆಯದು ಮುಗಿದ ಮೇಲೆ ಅಪ್ಪ ಡಬ್ಬಿಯನ್ನು ಪಕ್ಕದ ಸ್ಟೂಲಿನ ಮೇಲೆ ನೆಟ್ಟಗೆ ಇಟ್ಟು ಬೆರಳಿನಿಂದ ಎರಡು ಸಲ ತಟ್ಟಿದರು. ಕಂಪನಿಯಲ್ಲಿ ಎಷ್ಟೋ ಸಲ ಭೇಷ್ ಅನ್ನಿಸಿಕೊಂಡಿದ್ದೇನೆ, ಆ ಎರಡು ತಟ್ಟಿನಷ್ಟು ಸಂತೋಷ ಯಾವುದೂ ಕೊಟ್ಟಿಲ್ಲ. ಅಪ್ಪನಿಗೆ ಬಾಯಿ ಎಂದು ಉಳಿದದ್ದು ಅದೊಂದೇ ಬಟನ್, ಮತ್ತು ಅದನ್ನು ಮಾಡಿಕೊಟ್ಟವಳು ನಾನು.

ಎರಡು ವಾರ ಎಲ್ಲ ಚೆನ್ನಾಗಿತ್ತು. ಮೂರನೇ ವಾರದಿಂದ ಗಂಟೆ ಜಾಸ್ತಿಯಾಯಿತು.

ಬಾರಿಸುತ್ತಿದ್ದರು, ಹೋಗುತ್ತಿದ್ದೆವು. ನೀರು ಬೇಕೇ ಎಂದರೆ ಅಲ್ಲ. ಹೊರಳಿಸಬೇಕೇ ಎಂದರೆ ಅಲ್ಲ. ಬೆಡ್‌ಪ್ಯಾನ್, ಫ್ಯಾನು, ಹೊದಿಕೆ, ಒಂದೂ ಅಲ್ಲ. ಈಚೆಗೆ ಬಂದು ಕೂರುವುದರೊಳಗೆ ಮತ್ತೆ ಗಂಟೆ. ಒಂದು ಮಧ್ಯಾಹ್ನ ಅವ್ವ ಅಡುಗೆಮನೆಯ ನೆಲದ ಮೇಲೆ ಕೂತುಬಿಟ್ಟಿದ್ದಳು, ಕಾಲು ಚಾಚಿಕೊಂಡು.

“ನೀರ್ ಕೊಟ್ಟೆ, ಒಲ್ಲೆ ಅಂದ್ರು. ದಿಂಬು ಸರಿ ಮಾಡಿದೆ. ಈಚೆ ಬಂದ್ನಿ, ಮತ್ತ ಬಾರಿಸಾಕತ್ತಾರ. ಮುಂಜಾನಿಂದ ಭಾಳ ಪರೇಶಾನ್ ಆಗೇತಿ. ನನ್ನ ಮಣಕಾಲಿನ ಸಂಕಟ ನಾ ಯಾರ ಮುಂದ ಹೇಳ್ಲಿ?” ಎಂದು ಅತ್ತಳು.

ಅದೇ ವಾರ ನಮ್ಮ ಕಂಪನಿಯ ಹೊಸ ಪಂಪ್ ಪ್ಯಾನೆಲ್ಲನ್ನು ಗಿರಾಕಿಗೆ ತೋರಿಸಬೇಕಿತ್ತು. ದಿನವಿಡೀ ಮೀಟಿಂಗು. ಮಾತಿನ ನಡುವೆ ಗಂಟೆ ಬಾರಿಸಿದಾಗೆಲ್ಲ “ಏಕ್ ಮಿನಿಟ್” ಎಂದು ಎದ್ದು ಓಡುತ್ತಿದ್ದೆ. ಅವತ್ತು ನಾಲ್ಕನೇ ಸಲವೋ ಐದನೇ ಸಲವೋ ಹೋದಾಗ ನನ್ನ ತಾಳ್ಮೆ ತಪ್ಪಿತು.

“ಏನ್ ಬೇಕ್ರಿ ಅಪ್ಪಾ?”

ನನ್ನ ಮುಖ ನೋಡಿದರು.

“ನೀರು? ಇಲ್ಲ? ಹೊರಳಸ್ಲಿ? ಅದೂ ಇಲ್ಲ? ಹಂಗಾರ ಯಾಕ ಒತ್ತಿದ್ರಿ? ಇದು ಆಟದ ಸಾಮಾನಲ್ರಿ ಅಪ್ಪಾ.”

ನಾನು ‘ಆಯ್ತು’ ಸ್ವಿಚ್ಚನ್ನು ಗುದ್ದಿ ಹೊರಗೆ ಬಂದೆ.

ಹಳೇ ಚಾಳಿ ಎಂದುಕೊಂಡೆ. ಇನ್‌ಸ್ಪೆಕ್ಟರ್ ಅಲ್ಲವೇ, ಕೈಗೆ ಬಟನ್ ಸಿಕ್ಕಿದೆ, ಸುಮ್ಮನೆ ಒತ್ತಿ ನೋಡುತ್ತಿದ್ದಾರೆ. ಹಾಗೆ ಅಂದುಕೊಂಡ ಮೇಲೆ ದಾರಿ ಸುಲಭವಿತ್ತು. ನಿಜವಾದ ಒತ್ತು ಮೊದಲನೆಯದು, ಅದರ ಬೆನ್ನಿಗೇ ಬರುವವು ಬರೀ ಕುಣಿತ. ಲೋಹದ ಕುಣಿತವಾದರೆ ಕಣ್ಣೆವೆ ಇಕ್ಕುವಷ್ಟು ಹೊತ್ತು ಕಿವಿ ಮುಚ್ಚಿದರೆ ಸಾಕು. ಇದಕ್ಕೆ ಹತ್ತು ನಿಮಿಷ ಬೇಕು, ಅಷ್ಟೇ ವ್ಯತ್ಯಾಸ. ಆ ಸಂಜೆಯೇ ಕಾಗದದ ಮೇಲೆ ಐದನೇ ಸುತ್ತು ಬರೆದೆ. ಅದಕ್ಕೆ ‘ಬಿಡುವು’ ಎಂದು ಹೆಸರಿಟ್ಟೆ. ‘ಆಯ್ತು’ ಒತ್ತಿದ ಮೇಲೆ ಹತ್ತು ನಿಮಿಷ ಚಿಪ್ಪು ಬಿಡುವಿನಲ್ಲಿರುತ್ತದೆ, ಆಗ ಒತ್ತಿದರೆ ಗಂಟೆ ಬಾರಿಸುವುದಿಲ್ಲ.

ಇಷ್ಟಕ್ಕೇ ನಿಲ್ಲಿಸಿದ್ದರೂ ಒಂದು ಮಾತಾಗಿತ್ತು. ದೀಪದ ಪ್ರಶ್ನೆ ಬಂತು. ಬಿಡುವಿನಲ್ಲಿ ಒತ್ತಿದಾಗ ದೀಪ ಹತ್ತದಿದ್ದರೆ ಅಪ್ಪನಿಗೆ ಬೇಜಾರಾಗಬಹುದು, ಬಟನ್ ಕೆಟ್ಟಿತು ಎಂದುಕೊಳ್ಳಬಹುದು. ಆದ್ದರಿಂದ ದೀಪ ಹತ್ತಲಿ ಎಂದು ಬರೆದೆ. ಒಂದೇ ಒಂದು ಸಾಲು. ಬರೆಯುವಾಗ, ಊಟದ ಮುಂದೆ ಕೂತು ಅಪ್ಪ ಆಡುತ್ತಿದ್ದ ಮಾತು ನೆನಪಿಗೆ ಬರಲಿಲ್ಲ. ಅಪ್ಪ ಫಿಸಿಯೋಥೆರಪಿ ಮಾಡಿಸಿಕೊಳ್ಳುತ್ತಿರುವಾಗ ಹೊಸ ಪ್ರೋಗ್ರಾಂ ಹಾಕಿ ಡಬ್ಬಿಯನ್ನು ಇದ್ದಲ್ಲೇ ಇಟ್ಟೆ. ಅವರಿಗೆ ಹೇಳಲಿಲ್ಲ. ಅವ್ವನಿಗೂ ಹೇಳಲಿಲ್ಲ.

ಮನೆ ತಣ್ಣಗಾಯಿತು. “ಈಗ ನಿಮ್ಮಪ್ಪಾರು ಭಾಳ ಸಮಾಧಾನ ಆಗ್ಯಾರ,” ಎಂದಳು ಅವ್ವ. ಮಧ್ಯಾಹ್ನ ಅರ್ಧ ತಾಸು ನಿದ್ದೆ ಮಾಡತೊಡಗಿದಳು. ನನ್ನ ಪಂಪ್ ಪ್ಯಾನೆಲ್ಲು ಗಿರಾಕಿಗೆ ಒಪ್ಪಿಗೆಯಾಯಿತು. ನಾನು ಖುಷಿಯಾಗಿದ್ದೆ. ಇದನ್ನು ಬರೆಯದೆ ಬಿಟ್ಟರೆ ನಾನು ಮತ್ತೊಂದು ಸಲ ಸುಳ್ಳು ದೀಪ ಹತ್ತಿಸಿದ ಹಾಗೆ.

ಹನ್ನೆರಡು ಹದಿಮೂರು ದಿನಗಳ ಮೇಲೆ, ಒಂದು ಬೆಳಿಗ್ಗೆ ಗಂಜಿ ತಿನ್ನಿಸಲು ಹೋದಾಗ ಸೋಪಿನ ಡಬ್ಬಿ ಸ್ಟೂಲಿನ ಮೇಲೆ ಬೋರಲಾಗಿ ಬಿದ್ದಿತ್ತು. ಕೈತಾಗಿರಬೇಕು ಎಂದು ನೆಟ್ಟಗೆ ಇಟ್ಟೆ. ಮಧ್ಯಾಹ್ನ ನೋಡಿದರೆ ಮತ್ತೆ ಬೋರಲು. “ಕೈ ಜಾರಿ ಬಿದ್ದಿರಬೇಕವಾ, ಎಡಗೈ ಅಲ್ಲೇನು?” ಎಂದಳು ಅವ್ವ. ಜಾರದಿರಲಿ ಎಂದು ಡಬ್ಬಿಯ ತಳಕ್ಕೆ ಎರಡೂ ಕಡೆ ಅಂಟಿರುವ ಟೇಪು ಹಚ್ಚಿ ಸ್ಟೂಲಿಗೆ ಒತ್ತಿ ಕೂರಿಸಿದೆ. ಟೇಪಿನ ಬಗ್ಗೆ ಅಪ್ಪನಿಗೆ ವಿವರಿಸಿದೆ ಬೇರೆ.

ನಾನು ಮಾತು ಮುಗಿಸುವ ತನಕ ಅವರು ಕೇಳಿಸಿಕೊಂಡರು. ಆಮೇಲೆ ನನ್ನನ್ನೇ ನೋಡುತ್ತ ಎಡಗೈ ಚಾಚಿದರು. ಟೇಪು ಗಟ್ಟಿಯಿತ್ತು. ಉಗುರು ತೂರಿಸಿ, ಒಂದು ಮೂಲೆಯಿಂದ ಎಬ್ಬಿಸಿ, ಬಹಳ ಹೊತ್ತು ಹಿಡಿದು ಕಿತ್ತರು. ಡಬ್ಬಿಯನ್ನು ತಿರುಗಿಸಿ ಬಟನ್ ಕೆಳಗಾಗುವಂತೆ ಇಟ್ಟರು. ಅದರ ಬೆನ್ನ ಮೇಲೆ ಅಂಗೈ ಇಟ್ಟು ಒಮ್ಮೆ ಒತ್ತಿ ಕೈ ತೆಗೆದರು. ಟೀವಿಯ ಪಕ್ಕ ಬೋರಲು ಬಿದ್ದ ನನ್ನ ಮಾರ್ಕ್ಸ್ ಕಾರ್ಡು ಆಗ ಕಣ್ಣ ಮುಂದೆ ಬಂತು.

ಡಬ್ಬಿ ಎತ್ತಿಕೊಂಡು ಹಾಲಿಗೆ ಬಂದು ಲ್ಯಾಪ್‌ಟಾಪಿಗೆ ಜೋಡಿಸಿದೆ. ಚಿಪ್ಪು ಬರೆದಿಟ್ಟುಕೊಂಡದ್ದೆಲ್ಲ ಪರದೆಯ ಮೇಲೆ ಸಾಲಾಗಿ ಇಳಿಯಿತು. ಬಾರಿಸಿದವು ಕಡಿಮೆ, ಬಿಡುವಿನಲ್ಲಿ ಒತ್ತಿ ಹಾಳಾದವು ಬಹಳ. ಒಂದೊಂದರ ಮುಂದೂ, ‘ಆಯ್ತು’ ಒತ್ತಿ ಎಷ್ಟು ಸೆಕೆಂಡಿಗೆ ಒತ್ತಿದ್ದು ಎಂದು ಇತ್ತು. ಒಂಬತ್ತು. ಇಪ್ಪತ್ನಾಲ್ಕು. ಎಂಟು. ಒಂಬತ್ತು. ಇಪ್ಪತ್ತಾರು. ಇಪ್ಪತ್ನಾಲ್ಕು.

ಬರೀ ಚಾಳಿಯಾಗಿದ್ದರೆ ಹೀಗೆ ಬರುವುದಿಲ್ಲ. ಒಂದು ಸಲ ಎರಡು ನಿಮಿಷಕ್ಕೆ, ಇನ್ನೊಂದು ಸಲ ಏಳು ನಿಮಿಷಕ್ಕೆ ಹೇಗೆಂದರೆ ಹಾಗೆ ಬಂದಿರಬೇಕಿತ್ತು. ಇವು ಎರಡೇ ಗುಂಪು, ಒಂಬತ್ತರ ಹತ್ತಿರದವು ಮತ್ತು ಇಪ್ಪತ್ತೈದರ ಹತ್ತಿರದವು. ನಾನು ಎದ್ದು ಬಾಗಿಲ ಚೌಕಟ್ಟಿನಿಂದ ನನ್ನ ಮೇಜಿನವರೆಗೆ ನಡೆದು ನೋಡಿದೆ. ಕುರ್ಚಿಯಲ್ಲಿ ಕೂರುವ ಹೊತ್ತಿಗೆ ಎಂಟೊಂಬತ್ತು ಸೆಕೆಂಡು ಆಯಿತು. ಅಡುಗೆಮನೆಯಲ್ಲಿದ್ದ ಅವ್ವನನ್ನು ಕರೆದು ಅಪ್ಪನ ಬಾಗಿಲಿನಿಂದ ಒಲೆಯ ತನಕ ನಡೆಯಲು ಹೇಳಿದೆ. “ಏನ್ ಹುಚ್ಚು ಹಿಡಿದೈತಿ ನಿನಗ?” ಎನ್ನುತ್ತ ಗೋಡೆ ಹಿಡಿದು ಹಿಡಿದು ನಡೆದಳು. ಇಪ್ಪತ್ತೈದು ಸೆಕೆಂಡು.

ನಮ್ಮ ಹೆಜ್ಜೆ ಸಪ್ಪಳ ನಿಲ್ಲುವ ತನಕ ಅಪ್ಪ ಕಾಯುತ್ತಿದ್ದರು. ನಿಂತ ಕೂಡಲೇ ಒತ್ತುತ್ತಿದ್ದರು. ಅವರಿಗೆ ನೀರೂ ಬೇಡವಾಗಿತ್ತು, ಬೆಡ್‌ಪ್ಯಾನೂ ಬೇಡವಾಗಿತ್ತು. ಯಾರಾದರೂ ಇರಬೇಕಿತ್ತು. ಏನು ಬೇಕು, ಏನು ಬೇಕು ಎಂದು ನಿಂತುಕೊಂಡೇ ಕೇಳುತ್ತಿದ್ದ ನಾವು ಒಂದು ಸಲವೂ ಕುರ್ಚಿ ಎಳೆದು ಕೂತಿರಲಿಲ್ಲ. ಆ ಪ್ರಶ್ನೆಗೆ ಹೌದು ಅಲ್ಲ ಎಂಬ ಎರಡು ತಲೆಯಾಟದಲ್ಲಿ ಅವರು ಹೇಗೆ ಉತ್ತರ ಹೇಳಬೇಕಿತ್ತು? ನಾನು ಬರೆದ ಸುತ್ತುಗಳಲ್ಲಿ ಬರುವುದಿತ್ತು, ಹೋಗುವುದಿತ್ತು, ಕೂರುವುದು ಎಲ್ಲೂ ಇರಲಿಲ್ಲ.

ಪಟ್ಟಿಯ ಕೊನೆಯಲ್ಲಿದ್ದದ್ದನ್ನು ಆಮೇಲೆ ನೋಡಿದೆ. ಡಬ್ಬಿ ಬೋರಲು ಬಿದ್ದದ್ದರ ಹಿಂದಿನ ದಿನ ಸಂಜೆಯದು. ಒಂದೇ ಬಿಡುವಿನೊಳಗೆ ಹತ್ತು ಒತ್ತು. ಒಂದೊಂದರ ನಡುವೆ ಎರಡೆರಡು ಸೆಕೆಂಡು, ಒಂದು ಉಸಿರಿನಷ್ಟು. ಹತ್ತು ಸಲವೂ ದೀಪ ಹತ್ತಿದೆ. ಒಂದು ಸಲವೂ ಗಂಟೆ ಬಾರಿಸಿಲ್ಲ. ಅದರ ಕೆಳಗೆ ಏನೂ ಇರಲಿಲ್ಲ.

ನಮ್ಮಪ್ಪ ತಮ್ಮ ಕೆಲಸವನ್ನು ಸರಿಯಾಗಿ ಮಾಡಿದ್ದರು.

ಐದನೇ ಸ್ಥಿತಿಯನ್ನು ಕಿತ್ತುಹಾಕಲು ಐದು ನಿಮಿಷವೂ ಬೇಕಾಗಲಿಲ್ಲ. ಹಳೇ ಪಟ್ಟಿಯನ್ನು ಒಂದು ಕಡೆ ಉಳಿಸಿಕೊಂಡೆ, ಹೊಸ ಪ್ರೋಗ್ರಾಂ ಹಾಕಿದರೆ ಚಿಪ್ಪಿನಲ್ಲಿದ್ದದ್ದು ಅಳಿದುಹೋಗುತ್ತದೆ. ಡಬ್ಬಿಯನ್ನು ಹಿಡಿದುಕೊಂಡು ಅಪ್ಪನ ಹತ್ತಿರ ಹೋದೆ, ಕುರ್ಚಿ ಎಳೆದು ಕೂತೆ.

“ಅಪ್ಪಾ, ತಪ್ಪು ನಂದ್ರಿ. ಗಂಟಿ ಬಾರಿಸಬ್ಯಾಡ ಅಂತ ನಾನ ಬರದಿದ್ದೆ. ದೀಪಾ ಹತ್ತೂ ಹಂಗ ಮಾಡಿದವಳೂ ನಾನ. ಈಗ ತಗದೀನ್ರಿ. ನೋಡ್ರಿ ಇಲ್ಲೆ.”

ಬಟನ್ ಒತ್ತಿ ತೋರಿಸಿದೆ. ಹಾಲಿನಲ್ಲಿ ಗಂಟೆ ಬಾರಿಸಿತು, “ಬಂದ್ನಿರಿ” ಎಂದು ಅಡುಗೆಮನೆಯಿಂದ ಅವ್ವ ಕೂಗಿದಳು. ಅಪ್ಪ ಡಬ್ಬಿಯನ್ನು ನನ್ನ ಕೈಯಿಂದ ತೆಗೆದುಕೊಂಡರು. ಒತ್ತುತ್ತಾರೆ ಎಂದುಕೊಂಡೆ. ಹತ್ತು ಸಲ ಒತ್ತಲಿ, ನೂರು ಸಲ ಒತ್ತಲಿ ಎಂದುಕೊಂಡೆ. ಅವರು ಅದನ್ನು ಸ್ಟೂಲಿನ ಮೇಲೆ ಬೋರಲು ಇಟ್ಟರು. ಮುಖದಲ್ಲಿ ಸಿಟ್ಟೇನೂ ಇರಲಿಲ್ಲ. ಡಬ್ಬಿಯಿಂದ ತೆಗೆದ ಕೈಯನ್ನು ನನ್ನ ಮೊಣಕೈ ಮೇಲೆ ಇಟ್ಟರು. ನಾನು ಅತ್ತೆ, ಅವ್ವ ಬಂದು ಏನಾಯಿತೆಂದು ಕೇಳಿದಳು, ಅವಳಿಗೆ ಎಲ್ಲ ಹೇಳಿದೆ. ಅವಳು ಬಯ್ಯಲಿಲ್ಲ. “ನಂಗೂ ನಿದ್ದಿ ಬೇಕಾಗಿತ್ತಲ್ಲ,” ಎಂದಳು.

ಮೇಜನ್ನು ಅಪ್ಪನ ಕೋಣೆಗೆ ಎಳೆದುಕೊಂಡೆ. ಆಫೀಸಿಗೆ ಹೋಗುವ ಎರಡು ದಿನ ಬಿಟ್ಟು ಉಳಿದ ದಿನ ಅಲ್ಲೇ ಕೂತು ಕೆಲಸ ಮಾಡಿದೆ. ಅವ್ವನೂ ಸೊಪ್ಪು ಸೋಸುವುದು, ಅಕ್ಕಿ ಆರಿಸುವುದು ಎಲ್ಲ ಅಲ್ಲಿಗೇ ತಂದಳು. ಅಪ್ಪ ನನ್ನ ಪರದೆ ನೋಡುತ್ತ ಮಲಗಿರುತ್ತಿದ್ದರು. ಕಾಗದದ ಮೇಲೆ ಸುತ್ತು ಬಾಣ ಬರೆದು ತೋರಿಸಿದರೆ ಗಮನವಿಟ್ಟು ನೋಡುತ್ತಿದ್ದರು, ಒಂದೆರಡು ಸಲ ಒಂದು ಬಾಣದ ಮೇಲೆ ಬೆರಳಿಟ್ಟು ಹಾಗೇ ಹಿಡಿದರು, ಮತ್ತೊಮ್ಮೆ ನೋಡು ಎಂಬಂತೆ. ಒಂದರಲ್ಲಿ ನಿಜವಾಗಿಯೂ ತಪ್ಪಿತ್ತು. ಡಬ್ಬಿ ಮಾತ್ರ ಬೋರಲೇ ಇತ್ತು. ದಿನಾ ಬೆಳಿಗ್ಗೆ ಧೂಳು ಒರೆಸುವಾಗ ನಾನು ಅದನ್ನು ನೆಟ್ಟಗೆ ಇಡುತ್ತಿದ್ದೆ, ಮಧ್ಯಾಹ್ನದೊಳಗೆ ಅವರು ತಿರುಗಿಸಿರುತ್ತಿದ್ದರು.

ನಾಂಪಲ್ಲಿಯ ಎಕ್ಸಿಬಿಷನ್ ಇನ್ನೂ ನಡೆಯುತ್ತಿದ್ದಾಗ ಅಪ್ಪ ತೀರಿಕೊಂಡರು. ಮಧ್ಯಾಹ್ನ ಮೂರರ ಹೊತ್ತು. ಅವ್ವ ಸ್ನಾನಕ್ಕೆ ಹೋಗಿದ್ದಳು. ನನಗೊಂದು ಫೋನ್ ಬಂತು, ಅಪ್ಪನಿಗೆ ಮಂಪರು ಹತ್ತಿದೆ, ಎಚ್ಚರವಾಗದಿರಲಿ ಎಂದು ಹಾಲಿಗೆ ಎದ್ದು ಬಂದೆ. ಹದಿನೈದು ನಿಮಿಷ ಮಾತಾಡಿರಬೇಕು. ತಿರುಗಿ ಹೋದಾಗ ಎಡಗೈ ಮಂಚದಿಂದ ಈಚೆಗೆ, ಸ್ಟೂಲಿನ ಕಡೆಗೆ ಜೋತಿತ್ತು. ಮಲಗಿದಲ್ಲೇ ಜಾರಿದ ಕೈಯೋ, ಚಾಚಿದ ಕೈಯೋ, ನನಗೆ ಗೊತ್ತಿಲ್ಲ. ಡಬ್ಬಿ ಬೋರಲಾಗಿತ್ತು.

ದಿನಕರ್ಮಗಳೆಲ್ಲ ಮುಗಿದು ನೆಂಟರು ಹೋದ ಮೇಲೆ ಒಂದು ದಿನ ಅದನ್ನು ಲ್ಯಾಪ್‌ಟಾಪಿಗೆ ಜೋಡಿಸಿದೆ. ಹೊಸ ಪ್ರೋಗ್ರಾಂ ಹಾಕಿದಂದಿನಿಂದ ಕೊನೆಯ ದಿನದ ತನಕ ಚಿಪ್ಪು ಬರೆದಿಟ್ಟುಕೊಂಡದ್ದು ಒಂದೇ ಒಂದು ಸಾಲು. ಗಂಟೆ ಬಾರಿಸಿದೆ, ದೀಪ ಹತ್ತಿದೆ, ಯಾರೋ ಬಂದು ‘ಆಯ್ತು’ ಒತ್ತಿದ್ದಾರೆ, ಎಲ್ಲ ಸರಿಯಾಗಿ ನಡೆದಿದೆ.

ಅದು ಅಪ್ಪನಿಗೆ ತೋರಿಸಲೆಂದು ನಾನೇ ಒತ್ತಿದ್ದು.